ಫಂಗಸ್ ಅಂದರೆ ರೋಗವಲ್ಲ

ಆಫೀಸಿನಲ್ಲಿ ಡೇಟಾ ಕೆಟ್ಟರೆ ಒಂದು ಟಿಕೆಟ್ ಬೀಳುತ್ತದೆ. ಯಾರೋ ಸರಿ ಮಾಡುತ್ತಾರೆ, ಟಿಕೆಟ್ ಮುಚ್ಚುತ್ತಾರೆ, ಚಹಾಕ್ಕೆ ಹೋಗುತ್ತಾರೆ. ಡೇಟಾ ಕೆಟ್ಟರೆ ಮೀನು ಸಾಯುತ್ತವೆ ಅಂತ ನನಗೆ ಗೊತ್ತಾದದ್ದು ಕಳೆದ ಡಿಸೆಂಬರಿನಲ್ಲಿ.

ನಾನು ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷ. ಊರು ಸಿಂಧನೂರು ತಾಲೂಕು. ತುಂಗಭದ್ರಾ ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಬೆಳೆದು ಸವಳಾದ ನಾಲ್ಕು ಎಕರೆಯಲ್ಲಿ ನಮ್ಮ ಕಾಕಾ ಮೀನಿನ ಹೊಂಡ ತೆಗೆಸಿದ್ದಾರೆ. ಸಾಕುವುದು ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಹೋಟೆಲಿನಲ್ಲಿ ಬಾಸಾ ಅಂತ ನಿಮ್ಮ ತಟ್ಟೆಗೆ ಬರುವ ಬಿಳಿ ತುಂಡು ಹೆಚ್ಚಾಗಿ ಇದೇ. ಮೂಲ ಮೆಕಾಂಗ್ ನದಿಯ ಕಡೆಯದು. 1990ರ ದಶಕದಲ್ಲಿ ಬಾಂಗ್ಲಾದೇಶದ ಮೂಲಕ ನಮ್ಮಲ್ಲಿಗೆ ಬಂದು, ಆಂಧ್ರದ ಕೃಷ್ಣಾ, ಗೋದಾವರಿ ಸೀಮೆಯ ಹೊಂಡಗಳಲ್ಲಿ ಬೇರು ಬಿಟ್ಟಿತು. ಮೇಲೆ ಬಂದು ಗಾಳಿಯನ್ನೂ ಗುಟುಕರಿಸುವುದರಿಂದ ಆಮ್ಲಜನಕ ಕಡಿಮೆಯಾದರೂ ತಡೆಯುತ್ತದೆ. ಇದನ್ನು ಥಾಯ್ ಮಾಗೂರ್ ಜೊತೆ ಬೆರೆಸಬೇಡಿ. ಅದು ಆಫ್ರಿಕನ್ ಕ್ಯಾಟ್‌ಫಿಶ್, ಸಾಕುವುದೇ ನಿಷಿದ್ಧ. 2019ರಲ್ಲಿ ಹಸಿರು ನ್ಯಾಯಮಂಡಳಿ ಇದ್ದ ಮೀನನ್ನೂ ನಾಶಮಾಡಿ ಎಂದಿತ್ತು.

ಎರಡು ವರ್ಷದ ಹಿಂದೆ ಕಾಕಾ ಫೋನಿನಲ್ಲಿ ಅಂದಿದ್ದರು: "ತಮ್ಮಾ, ಫೀಡ್ ಮಾರೋನು ಫೀಡ್ ಹಾಕು ಅಂತಾನ, ಔಷಧ ಮಾರೋನು ಔಷಧ ಹಾಕು ಅಂತಾನ. ಮೀನು ಸಾಕೋನು ಏನಂತಾನ ಅಂತ ಹೇಳೋರು ಯಾರೂ ಇಲ್ಲ."

ಅಲ್ಲಿಂದ ಶುರುವಾಯಿತು ನಮ್ಮ ಸಾಹಸ. ನಾನು ಮತ್ತು ಇಬ್ಬರು ತೆಲುಗು ಸಹೋದ್ಯೋಗಿಗಳು ಸೇರಿ ಒಂದು ಹಂಚಿಕೆಯ ಡೇಟಾಬೇಸ್ ಮಾಡಿದೆವು. ಫಿಶ್‌ಬೇಸ್‌ನಂಥ ದೊಡ್ಡ ಸಂಗ್ರಹದಲ್ಲಿ ಯಾವ ಮೀನು ಎಲ್ಲಿಯದು, ಎಷ್ಟು ಉದ್ದ ಬೆಳೆಯುತ್ತದೆ ಎಲ್ಲ ಸಿಗುತ್ತದೆ. ಯಾರ ಹೊಂಡದಲ್ಲಿ ಯಾವ ವಾರ ಏನು ಕೆಟ್ಟಿತು ಅನ್ನುವುದು ಸಿಗುವುದಿಲ್ಲ. ನಮಗೆ ಬೇಕಾದದ್ದು ಅದು. ಆಂಧ್ರದ, ನಮ್ಮ ಕಡೆಯ ಕ್ಯಾಂಪುಗಳ ಮೂವತ್ತೊಂದು ರೈತರು ಸೇರಿಕೊಂಡರು.

ಮೊದಲ ಪಾಠ ಬೇಗ ಸಿಕ್ಕಿತು. ನೀರಿನ ಆಮ್ಲಜನಕ ಎಷ್ಟು ಅಂತ ಒಂದು ಕಾಲಂ ಇಟ್ಟಿದ್ದೆವು, ಎಷ್ಟು ಗಂಟೆಗೆ ಅಳೆದಿರಿ ಅಂತ ಕೇಳಿರಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಅಂಕಿ ಚೆನ್ನಾಗಿರುತ್ತದೆ. ಅದೇ ಹೊಂಡದಲ್ಲಿ ನಸುಕಿಗೆ ತಳ ಕಂಡಿರುತ್ತದೆ. ಅಮೋನಿಯಾದ್ದೂ ಅದೇ ಕತೆ: ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅದರ ವಿಷದ ಪಾಲು ಹೆಚ್ಚು. ಬರೀ ಒಂದು ಅಂಕಿ ಯಾವ ಕೆಲಸಕ್ಕೂ ಬಾರದು.

ಎರಡನೆಯದು, ಸತ್ತ ಮೀನಿನ ಕಾಲಂ. ಎಲ್ಲರೂ ಖಾಲಿ ಬಿಡುತ್ತಿದ್ದರು. ಖಾಲಿ ಅಂದರೆ ಸೊನ್ನೆ ಅಂತ ನಾನು ಓದಿಕೊಂಡೆ. ಸುದ್ದಿ ಹೊರಬಿದ್ದರೆ ವ್ಯಾಪಾರಿ ದರ ಇಳಿಸುತ್ತಾನೆ ಅನ್ನುವ ಹೆದರಿಕೆ ಅಂತ ಆಮೇಲೆ ತಿಳಿಯಿತು. ಹೆಸರು ತೆಗೆದು ಹೊಂಡಕ್ಕೊಂದು ಗುಟ್ಟಿನ ನಂಬರ್ ಕೊಟ್ಟ ಮೇಲೆ ಕಾಲಂ ತುಂಬತೊಡಗಿತು.

ಮೂರನೆಯ ಪಾಠಕ್ಕೆ ಕಾಕಾ ಬೆಲೆ ತೆತ್ತರು.

ಡಿಸೆಂಬರಿನ ಚಳಿ ಜೋರಾದಾಗ ಅವರು ನಮ್ಮ ಡೇಟಾಬೇಸಿನಲ್ಲಿ ಪಂಗಾಸಿಯಸ್, ಚಳಿ ಅಂತ ಹುಡುಕಿದ್ದಾರೆ. ಏನೂ ಬರಲಿಲ್ಲ. ಎಂದಿನಂತೆ ಪೂರ್ತಿ ಫೀಡ್ ಹಾಕಿದರು. ನೀರು ತಣ್ಣಗಾದರೆ ಈ ಮೀನು ಮೇಯುವುದನ್ನು ಬಿಡುತ್ತದೆ. ತಿನ್ನದ ಫೀಡ್ ತಳದಲ್ಲಿ ಕೊಳೆಯಿತು, ನೀರು ಕೆಟ್ಟಿತು. ಚಳಿಗೆ ಮೊದಲೇ ಸೊರಗಿದ್ದ ಮೀನು ನಾಲ್ಕು ದಿನದಲ್ಲಿ ಎಂಟು ಕ್ವಿಂಟಲ್ ತೇಲಿದವು.

ಸುದ್ದಿ ಕೇಳಿ ರಾತ್ರಿ ಕೂತು ಹಳೆಯ ದಾಖಲೆ ಜಾಲಾಡಿದೆ. ಹಿಂದಿನ ಚಳಿಗಾಲದಲ್ಲೇ ಆಂಧ್ರದ ಒಬ್ಬ ರೈತರು ಸ್ಪಷ್ಟವಾಗಿ ಬರೆದಿದ್ದರು: ಚಳಿಗೆ ಫಂಗಸ್ ಮೇಯುವುದಿಲ್ಲ, ಫೀಡ್ ಇಳಿಸಿ, ಕೆಲ ದಿನ ನಿಲ್ಲಿಸಿದರೂ ಸರಿ. ಆ ಕಡೆ ಪಂಗಾಸಿಯಸ್ಸನ್ನು ಜನ ಕರೆಯುವುದೇ ಫಂಗಸ್ ಅಂತ! ನಾನು ಬರೆದಿದ್ದ ಪ್ರೋಗ್ರಾಂ ಆ ಪದ ಕಂಡಲ್ಲೆಲ್ಲ ಅದನ್ನು ಶಿಲೀಂಧ್ರ ರೋಗದ ಕಪಾಟಿಗೆ ತಳ್ಳಿತ್ತು. ಅಲ್ಲಿ ಇಂಥವು ಹತ್ತೊಂಬತ್ತು ಸಾಲು ಬಿದ್ದಿದ್ದವು.

ಆ ಶನಿವಾರವೇ ಬಸ್ಸು ಹತ್ತಿದೆ. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಏರಿಯ ಮೇಲೆ ಕೂತು ಎಲ್ಲ ಹೇಳಿದೆ. ಕಾಕಾ ಬಹಳ ಹೊತ್ತು ನೀರು ನೋಡುತ್ತ ಕೂತಿದ್ದರು.

"ಅವನು ಹೇಳಿದ್ದ. ನೀ ಕೇಳಿಸ್ಕೊಳ್ಳಲಿಲ್ಲ. ಹಂಗಾತಲ್ಲ?"

"ಹೌದ್ರೀ ಕಾಕಾ."

"ಮತ್ತ ಈಗ ಸರಿ ಮಾಡೀಯೇನು?"

ಮಾಡಿದ್ದೇನೆ. ಈಗ ಪ್ರತಿ ಮೀನಿಗೂ ಊರೂರಿನ ಹೆಸರುಗಳ ಪಟ್ಟಿಯಿದೆ, ಅದನ್ನು ಬರೆದುಕೊಟ್ಟವರು ರೈತರು. ಅವರು ಹೇಳಿದ ಮಾತು ಹೇಳಿದ ಹಾಗೇ ಉಳಿಯುತ್ತದೆ. ಪ್ರೋಗ್ರಾಂ ಏನಾದರೂ ಬದಲಿಸಬೇಕೆಂದರೆ ಮೊದಲು ಬರೆದವರನ್ನೇ ಕೇಳುತ್ತದೆ. ಹೊರರಾಜ್ಯದಲ್ಲಿ ಬದುಕುವ ನಮಗೆ ಈ ಬುದ್ಧಿ ಮೊದಲೇ ಇರಬೇಕಿತ್ತು. ನಮ್ಮ ಮಾತನ್ನು ಬೇರೆಯವರು ತಪ್ಪು ಕಪಾಟಿಗೆ ಹಾಕಿದಾಗ ಎಷ್ಟು ಉರಿಯುತ್ತದೆ ನಮಗೆ!

ಹೊರಡುವ ಮುಂಚೆ ಕಾಕಾ ನನ್ನ ಫೋನ್ ಇಸಕೊಂಡು ಸತ್ತ ಮೀನಿನ ಕಾಲಂನಲ್ಲಿ ತಾವೇ ತುಂಬಿದರು: ಎಂಟು ಕ್ವಿಂಟಲ್. ಕಾರಣದ ಕಾಲಂನಲ್ಲಿ ಚಳಿ, ಫೀಡ್ ಅಂತ ಬರೆದರು. ನನ್ನ ಹೆಸರು ಬರೆಯಲಿಲ್ಲ.