ನಿಮ್ಮ ಮಗು ‘ನೋಡಿ ಕಲಿಯುವ ಟೈಪ್’ ಹೌದಾ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಇನ್ನು ಕೆಲವರು ಮಾಡಿ ಕಲಿಯುತ್ತಾರೆ. ನಿಮ್ಮ ಮಗು ಯಾವ ಟೈಪ್ ಎಂದು ತಿಳಿದು ಹಾಗೆಯೇ ಪಾಠ ಮಾಡಿದರೆ ಮಾರ್ಕ್ಸ್ ಏರುತ್ತದೆ. ಇಂಥ ಮೆಸೇಜ್ ನಿಮ್ಮ ಶಾಲೆಯ ಪೋಷಕರ ಗ್ರೂಪಿಗೂ ಬಂದಿರಬಹುದು. ಉಡುಪಿಯಂಥ ಜಿಲ್ಲೆಯಲ್ಲಿ ಇದು ಬೇಗ ಹರಡುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ ಇದು. ಇಲ್ಲಿ ಮಾರ್ಕ್ಸ್ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ.

ಆದರೆ ಈ ಮಾತಿಗೆ ಆಧಾರ ಇದೆಯೇ?

ಸಂಶೋಧನೆ ಏನು ಹೇಳುತ್ತದೆ?

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಈ ವಾದದ ಪರವಾಗಿದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದರು. ವಾದ ನಿಜವಾಗಬೇಕಾದರೆ ಚಿತ್ರ ತೋರಿಸಿ ಮಾಡಿದ ಪಾಠ ‘ನೋಡುವ’ ಮಕ್ಕಳಿಗೆ ಹೆಚ್ಚು ಹತ್ತಬೇಕು, ‘ಕೇಳುವ’ ಮಕ್ಕಳಿಗೆ ಬಾಯಿಮಾತಿನ ಪಾಠವೇ ಹೆಚ್ಚು ಹತ್ತಬೇಕು. ಹೀಗೆ ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲೂ ಹಲವು ಈ ವಾದಕ್ಕೆ ವಿರುದ್ಧವಾಗಿದ್ದವು.

ಮಕ್ಕಳಿಗೆ ಇಷ್ಟಾನಿಷ್ಟ ಇಲ್ಲವೆಂದಲ್ಲ. ಒಬ್ಬಳಿಗೆ ವಿಡಿಯೋ ಇಷ್ಟ, ಇನ್ನೊಬ್ಬನಿಗೆ ಕಥೆ ಇಷ್ಟ. ಆದರೆ ಗೋಳಿಬಜೆ ಇಷ್ಟ ಎಂದ ಮಾತ್ರಕ್ಕೆ ಅದೇ ಮೈಗೆ ಒಳ್ಳೆಯದು ಎಂದಾಗುವುದಿಲ್ಲವಲ್ಲ!

ಇದರ ಜೊತೆಗೇ ಬರುವ ಇನ್ನೊಂದು ಚಿತ್ರ: ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎನ್ನುವ ಪಿರಮಿಡ್. ಎಡ್ಗರ್ ಡೇಲ್ ಎಂಬ ಶಿಕ್ಷಣತಜ್ಞರು 1946ರ ಪುಸ್ತಕದಲ್ಲಿ ಇಂಥ ಚಿತ್ರ ಕೊಟ್ಟದ್ದು ನಿಜ. ಅದರಲ್ಲಿ ಈ ಅಂಕಿಗಳು ಇರಲೇ ಇಲ್ಲ. ಅವನ್ನು ನಂತರ ಬೇರೆಯವರು ಸೇರಿಸಿದರು.

ವಿಧಾನ ನಿರ್ಧರಿಸುವುದು ಮಗುವಲ್ಲ, ಪಾಠ

ಉಡುಪಿಯ ಹಲವು ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸಲಾಗುತ್ತದೆ. ತಾಳವನ್ನು ಕಿವಿಯಿಂದ ಹಿಡಿಯಬೇಕು, ಹೆಜ್ಜೆಯನ್ನು ಕಣ್ಣಿನಿಂದ ನೋಡಬೇಕು, ಆಮೇಲೆ ಸ್ವತಃ ಕುಣಿಯಬೇಕು. ‘ನಾನು ಕೇಳಿ ಕಲಿಯುವವನು’ ಎಂದು ಕುಳಿತಲ್ಲೇ ಕುಳಿತರೆ ಹೆಜ್ಜೆ ಬರುವುದಿಲ್ಲ.

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಅಂಗರಚನಾ ಮ್ಯೂಸಿಯಂ ಪ್ರಸಿದ್ಧ. ದೇಹದ ಒಳಗಿನ ರಚನೆ ತಿಳಿಯಲು ಅಲ್ಲಿ ಕಣ್ಣೇ ಬೇಕು. ಆದರೆ ಸ್ಟೆತಸ್ಕೋಪಿನಲ್ಲಿ ಹೃದಯದ ಬಡಿತದ ವ್ಯತ್ಯಾಸ ಗುರುತಿಸಲು ಎಲ್ಲ ವಿದ್ಯಾರ್ಥಿಗಳಿಗೂ ಕಿವಿಯೇ ಬೇಕು. ಭೂಪಟವನ್ನು ನೋಡಿ, ಉಚ್ಚಾರವನ್ನು ಕೇಳಿ, ಈಜನ್ನು ನೀರಿಗಿಳಿದೇ ಕಲಿಯಬೇಕು. ಇದು ಎಲ್ಲರಿಗೂ ಒಂದೇ.

ಹಾಗಾದರೆ ಮಕ್ಕಳ ನಡುವೆ ವ್ಯತ್ಯಾಸವೇ ಇಲ್ಲವೇ?

ಇದೆ. ಮಗುವಿಗೆ ಈಗಾಗಲೇ ಏನು ಗೊತ್ತಿದೆ ಎಂಬುದರಲ್ಲಿ ದೊಡ್ಡ ವ್ಯತ್ಯಾಸ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ ಕಲಿ’ ಪದ್ಧತಿ ಈ ವ್ಯತ್ಯಾಸವನ್ನೇ ಗಮನಿಸುತ್ತದೆ. ಅಲ್ಲಿ ಪ್ರತಿ ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ.

ಇನ್ನೊಂದು ವ್ಯತ್ಯಾಸ ಭಾಷೆ. ಕಾಪು, ಕಾರ್ಕಳದ ಎಷ್ಟೋ ಮನೆಗಳಲ್ಲಿ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಪುಸ್ತಕ ಕೊಟ್ಟರೆ ತಡವರಿಸುವ ಮಗುವಿಗೆ ಆ ಭಾಷೆ ಇನ್ನೂ ಹೊಸದಾಗಿರಬಹುದು. ಅದಕ್ಕೆ ‘ಓದಿ ಕಲಿಯುವ ಟೈಪ್ ಅಲ್ಲ’ ಎಂದು ಹಣೆಪಟ್ಟಿ ಹಚ್ಚಿ ಬರೀ ವಿಡಿಯೋ ತೋರಿಸಿದರೆ, ಅತಿ ಹೆಚ್ಚು ಬೇಕಾಗಿದ್ದ ಓದಿನ ಅಭ್ಯಾಸವೇ ತಪ್ಪಿಹೋಗುತ್ತದೆ. ಈ ಫಾರ್ವರ್ಡಿನ ನಿಜವಾದ ಅಪಾಯ ಇದು. ಬೆರಳಚ್ಚು ನೋಡಿ ಮಗುವಿನ ಟೈಪ್ ಹೇಳುತ್ತೇವೆ ಎನ್ನುವ ಪರೀಕ್ಷೆಗಳಿಗೂ ವೈಜ್ಞಾನಿಕ ಆಧಾರ ಇಲ್ಲ. ದುಡ್ಡು ಕೊಟ್ಟು ಮೋಸ ಹೋಗಬೇಡಿ.

ನಿಜಕ್ಕೂ ನೆನಪಿನಲ್ಲಿ ಉಳಿಸುವುದು ಯಾವುದು?

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಒಂದು ಗುಂಪು ಅದನ್ನೇ ಮತ್ತೆ ಓದಿತು. ಇನ್ನೊಂದು ಗುಂಪು ನೋಡದೆ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು: ಶೇ. 81 ಮತ್ತು ಶೇ. 75. ಒಂದು ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಮತ್ತೆ ಓದಿದವರಿಗೆ ಶೇ. 42 ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 56.

ಮತ್ತೆ ಮತ್ತೆ ಓದಿದಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ, ‘ಬಂತು’ ಎಂಬ ಭ್ರಮೆ ಹುಟ್ಟುತ್ತದೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಕಷ್ಟ. ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಯಕ್ಷಗಾನದ ಗುರುಗಳು ನಿನ್ನೆಯ ಹೆಜ್ಜೆಯನ್ನು ಇಂದು ಒಬ್ಬನೇ ಮಾಡಿ ತೋರಿಸು ಎಂದರೆ, ಅದೂ ಇದೇ.

ಮನೆಯಲ್ಲಿ ಏನು ಮಾಡಬಹುದು?

• ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ನೆನಪಿದ್ದದ್ದನ್ನು ಹೇಳಿಸಿ ಅಥವಾ ಬರೆಸಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ನೋಡಲಿ.
• ಕಾರ್ಕಳದ ಬಾಹುಬಲಿ ಮೂರ್ತಿಯ ಪ್ರತಿಷ್ಠೆ 1432ರಲ್ಲಿ, ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಇಂಥ ಇಸವಿಗಳನ್ನು ಇಂದು, ನಾಳೆ, ಮುಂದಿನ ವಾರ ಕೇಳಿ. ಒಂದೇ ರಾತ್ರಿ ಹತ್ತು ಸಲ ಉರುಹೊಡೆಸಬೇಡಿ.
• ಮಗು ಮನೆಮಾತಿನಲ್ಲೇ ಉತ್ತರಿಸಲಿ. ಅರ್ಥವಾಗಿದೆಯೇ ಎಂಬುದು ಮೊದಲು ಅಲ್ಲೇ ಗೊತ್ತಾಗುತ್ತದೆ.
• ತಪ್ಪು ಹೇಳಿದರೆ ಬೈಯಬೇಡಿ, ಸರಿ ಉತ್ತರ ತಕ್ಷಣ ತಿಳಿಸಿ.

ಇದಕ್ಕೆ ಆ್ಯಪ್ ಬೇಡ, ಫೀಸೂ ಬೇಡ. ಈಗ ಮೇಲಕ್ಕೆ ಸ್ಕ್ರಾಲ್ ಮಾಡದೆ ಹೇಳಿ: ಬಾಹುಬಲಿಯ ಪ್ರತಿಷ್ಠೆ ಯಾವ ವರ್ಷ? ಕಾಪು ದೀಪಸ್ತಂಭ ಯಾವ ವರ್ಷ? ನೆನಪಾಗದಿದ್ದರೆ ಒಮ್ಮೆ ನೋಡಿಕೊಳ್ಳಿ. ನಾಳೆ ಮತ್ತೆ ನಿಮ್ಮನ್ನೇ ಕೇಳಿಕೊಳ್ಳಿ.