ಉಯಿಲಿನ ಸುತ್ತಣ ಉಪಚಾರ

ಮುಪ್ಪು ಅಡರಿದ ಮೇಲೆ ಮನೆಗೆ ಬಂದುಹೋಗುವವರು ಕಡಿಮೆಯಾಗುತ್ತಾರೆಂಬುದು ಲೋಕದ ಅನುಭವ. ಆದರೆ ಮುದುಕನು ಸಿರಿವಂತನೂ ಮಕ್ಕಳಿಲ್ಲದವನೂ ಆಗಿದ್ದರೆ ಈ ನಿಯಮ ತಲೆಕೆಳಗಾಗುತ್ತದೆ. ಎಷ್ಟೋ ವರ್ಷ ಮುಖ ತೋರಿಸದ ಸೋದರಳಿಯನಿಗೆ ಮಾವನ ಕೆಮ್ಮು ದೂರದೂರಿಗೂ ಕೇಳಿಸುತ್ತದೆ. ದಾಯಾದಿಗಳು ಹಾಸಿಗೆಯ ಬಳಿ ಸರದಿ ಕಾಯುತ್ತಾರೆ. ಹಣವೆಂದರೆ ಹೆಣವೂ ಬಾಯಿಬಿಡುತ್ತದೆಂದ ಮೇಲೆ ಬದುಕಿರುವವರು ಬಾಯಿಬಿಟ್ಟರೆ ಅಚ್ಚರಿಯೇನು?

ಈ ಆಟ ಇಂದು ನಿನ್ನೆಯದಲ್ಲ. ಪ್ರಾಚೀನ ರೋಮ್ ನಗರದಲ್ಲಿ ಇದೊಂದು ಕಸುಬೇ ಆಗಿತ್ತು. ಮಕ್ಕಳಿಲ್ಲದ ಧನಿಕರನ್ನು ಓಲೈಸಿ ಉಯಿಲಿನಲ್ಲಿ ಪಾಲು ಗಿಟ್ಟಿಸುವವನನ್ನು ಲ್ಯಾಟಿನ್ ಭಾಷೆಯಲ್ಲಿ ‘ಕಪ್ಟಾಟೋರ್’, ಎಂದರೆ ಹಿಡಿಯಲು ಹೊಂಚುವವನು, ಎಂದು ಕರೆಯುತ್ತಿದ್ದರು. ಸುಮಾರು 1,900 ವರ್ಷಗಳ ಹಿಂದೆ ಕಿರಿಯ ಪ್ಲಿನಿ ಎಂಬ ಲೇಖಕನು ತನ್ನ ಕಾಗದವೊಂದರಲ್ಲಿ ರೆಗ್ಯುಲಸ್ ಎಂಬ ವಕೀಲನ ಚರಿತ್ರೆಯನ್ನು ಬಣ್ಣಿಸಿದ್ದಾನೆ. ಬ್ಲೇಸಸ್ ಎಂಬ ಶ್ರೀಮಂತನು ಕೊನೆಯ ಕಾಯಿಲೆಯಲ್ಲಿ ಉಯಿಲನ್ನು ಬದಲಿಸಲು ಬಯಸಿದ್ದ. ಹೊಸ ಉಯಿಲಿನಲ್ಲಿ ತನಗೂ ಏನಾದರೂ ದೊರೆತೀತೆಂಬ ಆಸೆಯಿಂದ ರೆಗ್ಯುಲಸನು, ಹೇಗಾದರೂ ಮಾಡಿ ರೋಗಿಯ ಪ್ರಾಣ ಉಳಿಸಬೇಕೆಂದು ವೈದ್ಯರನ್ನು ಅಂಗಲಾಚಿದ. ಉಯಿಲಿಗೆ ಮುದ್ರೆ ಬಿದ್ದದ್ದೇ ತಡ, ಆ ಬಡಪಾಯಿಯನ್ನು ಇನ್ನೆಷ್ಟು ದಿನ ಹಿಂಸಿಸುತ್ತೀರೆಂದು ಅದೇ ವೈದ್ಯರನ್ನು ಗದರಿದ! ಬ್ಲೇಸಸ್ ಸತ್ತ, ಉಯಿಲಿನಲ್ಲಿ ರೆಗ್ಯುಲಸನಿಗೆ ಬಿಡಿಗಾಸೂ ಇರಲಿಲ್ಲ.

ಬ್ಲೇಸಸನನ್ನು ಕಾಪಾಡಿದ್ದು ಒಂದೇ ಸಂಗತಿ: ಕೊನೆಯವರೆಗೂ ಲೇಖನಿ ಅವನ ಕೈಯಲ್ಲಿತ್ತು. ಆದುದರಿಂದಲೇ ಜಾಣ ಬಂಧುಗಳ ಹಂಚಿಕೆಯೆಲ್ಲ ಆ ಲೇಖನಿಯನ್ನು ಕಸಿಯುವುದರ ಸುತ್ತ ತಿರುಗುತ್ತದೆ.

ಮೊದಲನೆಯ ಉಪಾಯ, ಉಯಿಲನ್ನು ತಾವೇ ಬರೆಸಿ ಹಿರಿಯರಿಂದ ಸಹಿ ಮಾಡಿಸಿಕೊಳ್ಳುವುದು. ಮೈಸೂರಿನಿಂದ ಬಂದ ಇಂತಹುದೇ ಮೊಕದ್ದಮೆಯೊಂದರಲ್ಲಿ, ವಿಧವೆಯೊಬ್ಬರ ಉಯಿಲನ್ನು ಕುರಿತು, 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂದಿಗೂ ದಾರಿತೋರುವ ತೀರ್ಪನ್ನು ನೀಡಿತು. ಬರೆದವರೇ ತೀರಿಕೊಂಡಿರುವುದರಿಂದ ಅದು ತಮ್ಮದೇ ಹೌದೋ ಅಲ್ಲವೋ ಎಂದು ಹೇಳಲು ಅವರು ಬರಲಾರರು. ಆದ ಕಾರಣ, ಉಯಿಲು ಬರೆಸುವುದರಲ್ಲಿ ಮುಂದಾಗಿ ನಿಂತವನಿಗೇ ಅದರಿಂದ ದೊಡ್ಡ ಲಾಭವಾಗಿದ್ದರೆ ಅದೇ ಸಂಶಯಕ್ಕೆಡೆ. ಆ ಸಂಶಯವನ್ನು ತೊಡೆಯುವ ಹೊಣೆಯೂ ಅವನದೇ.

ಎರಡನೆಯ ಉಪಾಯ ಇನ್ನೂ ನಯವಾದದ್ದು. ಉಯಿಲೇಕೆ, ಈಗಲೇ ದಾನಪತ್ರ ಮಾಡಿಬಿಡಿ, ಮುಂದೆ ತಂಟೆಯಿರದು ಎಂಬ ಹಿತವಚನ ಅದು. ಇವೆರಡರ ಅಂತರವನ್ನು ಮನೆಯ ಹಿರಿಯರು ತಿಳಿದಿರಲೇಬೇಕು. ಉಯಿಲು ಸಾವಿನ ಬಳಿಕ ಜಾರಿಗೆ ಬರುವ ಪತ್ರ. ಬುದ್ಧಿ ಸ್ವಾಧೀನದಲ್ಲಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಹರಿದು ಹಾಕಲೂಬಹುದು. ದಾನಪತ್ರವಾದರೋ ನೋಂದಣಿಯಾದೊಡನೆ ಮನೆಯ ಯಜಮಾನನನ್ನು ಅದೇ ಮನೆಯ ಅತಿಥಿಯನ್ನಾಗಿಸುತ್ತದೆ. ಮನಸ್ಸು ಬದಲಾಯಿತೆಂದು ಅದನ್ನು ಹಿಂದೆಗೆಯಲಾಗದು.

ಹೀಗೆ ಬೀದಿಗೆ ಬಿದ್ದ ಹಿರಿಯರಿಗಾಗಿಯೇ 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ 23ನೆಯ ಕಲಮು ಸೇರಿತು. ತನ್ನ ಪಾಲನೆ ಪೋಷಣೆ ನಡೆಸಬೇಕೆಂಬ ಷರತ್ತಿನ ಮೇಲೆ 60 ತುಂಬಿದವರು ಆಸ್ತಿಯನ್ನು ಕೊಟ್ಟಿದ್ದು, ಪಡೆದವನು ಮಾತು ತಪ್ಪಿದರೆ, ಆ ವರ್ಗಾವಣೆಯನ್ನು ರದ್ದುಗೊಳಿಸುವಂತೆ ಅವರು ನ್ಯಾಯಮಂಡಳಿಯನ್ನು ಕೇಳಬಹುದು. ಆದರೆ ಷರತ್ತು ಬಾಯಿಮಾತಿನಲ್ಲಿ ಉಳಿದರೆ ಜಗಳ ಬೆಳೆಯುತ್ತದೆ. ಅದನ್ನು ಪತ್ರದಲ್ಲಿಯೇ ಬರೆಸುವುದು ವಿವೇಕ.

ಹಾಗೆಂದು ಬಳಿಗೆ ಬಂದವರೆಲ್ಲ ರೆಗ್ಯುಲಸನ ವಂಶದವರಲ್ಲ. ಸಿರಿವಂತ ವೃದ್ಧನ ನಿಜವಾದ ದುಃಖವೇ ಇದು: ಪ್ರೀತಿಯಿಂದ ಬಂದವರನ್ನೂ ಅವನು ಅನುಮಾನದಿಂದ ನೋಡಬೇಕಾಗುತ್ತದೆ. ಈ ದುಃಖಕ್ಕೆ ಮದ್ದು ಯಾವ ಕಾಯಿದೆಯಲ್ಲಿಯೂ ಇಲ್ಲ. ಆದರೆ ಒರೆಗಲ್ಲು ಒಂದುಂಟು. ಲೇಖನಿ ಹಿರಿಯರ ಕೈಯಲ್ಲೇ ಇರಲೆಂದು ಮನಸಾರೆ ಹೇಳಬಲ್ಲವನೇ ಬಂಧು.