ಕುಕ್ಕಿ ಡಬ್ಬಿಯಲ್ಲಿ ಕನ್ನಡ ಹಿಡಿಸೋಲ್ಲ!

ಅರ್ಧ ಗಂಟೆ ಕೂತು ಒಂದು ಪುಟ ಕನ್ನಡ ಟೈಪ್ ಮಾಡಿರ್ತೀರಿ, ಅಷ್ಟರಲ್ಲಿ ಕರೆಂಟು ಹೋಗುತ್ತೆ... ಬರೆದದ್ದು ಉಳಿಯುತ್ತಾ? ಆ ಪುಟ ಮಾಡಿದ ಪ್ರೋಗ್ರಾಮರ್ ಬ್ರೌಸರಿನಲ್ಲಿ ಯಾವ ಜಾಗ ಆರಿಸಿಕೊಂಡ ಅನ್ನೋದರ ಮೇಲೆ ಹೋಗುತ್ತೆ. ನಂದೂ ಅದೇ ಕಸುಬು, ಹಾಗಾಗಿ ಇವತ್ತು ಸ್ವಲ್ಪ ಕೊರೆಯೋಣ ಅಂತ :)

ಮೊದಲು ಕುಕ್ಕಿ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಇದನ್ನು ತಂದದ್ದು ಒಂದು ಸಣ್ಣ ಕೆಲಸಕ್ಕೆ: ಮತ್ತೆ ಬಂದದ್ದು ಅದೇ ಗಿರಾಕಿ ಅಂತ ಸರ್ವರ್‌ಗೆ ಗುರುತು ಸಿಗಲಿ ಅಂತ. ಹಿಡಿಸೋದು ಸುಮಾರು 4 ಕೆಬಿ. ಅಷ್ಟನ್ನೂ ಪ್ರತಿ ಸಲ ಸರ್ವರ್‌ಗೆ ಹೊತ್ತುಕೊಂಡು ಹೋಗಬೇಕು.

ಇದರಲ್ಲಿ ಕನ್ನಡ ತುಂಬಿದರೆ? ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಕುಕ್ಕಿಗೆ ಹಾಕುವಾಗ ಸಾಮಾನ್ಯವಾಗಿ ಪ್ರತಿ ಬೈಟನ್ನೂ ಒಂದು ಶೇಕಡಾ ಚಿಹ್ನೆ, ಎರಡು ಅಕ್ಷರವಾಗಿ ಬಿಡಿಸ್ತಾರೆ. ಅಲ್ಲಿಗೆ 9 ಬೈಟ್! 'ಕನ್ನಡ' ಅನ್ನೋ ಪದದಲ್ಲಿ ಹಲಂತವೂ ಸೇರಿ 5 ಸಂಕೇತ, ಅಂದರೆ 45 ಬೈಟ್. ಇಂಗ್ಲಿಷಿನ ಐದಕ್ಷರದ ಪದಕ್ಕೆ ಬರೀ 5. ಸುಮಾರು 450 ಸಂಕೇತಕ್ಕೆ ಡಬ್ಬಿ ಫುಲ್. ಒಂದು ಪ್ಯಾರಾ ಬರೆಯೋದೂ ಕಷ್ಟ.

ಲೋಕಲ್ ಸ್ಟೋರೇಜ್ ವಾಸಿ. ಒಂದು ಸೈಟಿಗೆ ಸುಮಾರು 5 ಎಂಬಿ, ಸರ್ವರ್‌ಗೆ ಹೊರುವ ಕೆಲಸವೂ ಇಲ್ಲ. ಕನ್ನಡವನ್ನು ಬಿಡಿಸದೆ ಹಾಗೇ ಇಡಬಹುದು. ಆದರೆ ಬರೀ ಪಠ್ಯ ಮಾತ್ರ, ಅದೂ ಬರೆದು ಮುಗಿಯೋವರೆಗೆ ಪುಟ ಕಾಯುತ್ತಾ ನಿಲ್ಲುತ್ತೆ. ಇದರ ತಮ್ಮ ಸೆಷನ್ ಸ್ಟೋರೇಜ್, ಟ್ಯಾಬ್ ಮುಚ್ಚಿದರೆ ಕಥೆ ಮುಗೀತು.

ಇಂಡೆಕ್ಸ್ಡ್‌ಡಿಬಿ ನಿಜವಾದ ಡೇಟಾಬೇಸು. ಚಿತ್ರ, ಫೈಲು ಏನು ಬೇಕಾದರೂ ಇಡಿ, ಪುಟ ನಿಲ್ಲೋಲ್ಲ, ಜಾಗವೂ ಧಾರಾಳ. ಬಳಸೋ ರೀತಿ ಮಾತ್ರ ತಲೆನೋವು. ಎಸ್‌ಕ್ಯೂಎಲ್ ಬಲ್ಲವರಿಗೆ ಸಲೀಸಾಗಿದ್ದ ವೆಬ್ ಎಸ್‌ಕ್ಯೂಎಲ್‌ನ ಕೆಲಸವನ್ನು ಡಬ್ಲ್ಯೂ3ಸಿ 2010ರಲ್ಲೇ ಕೈಬಿಟ್ಟಿತು. ಎಲ್ಲರೂ ಒಂದೇ ಎಸ್‌ಕ್ಯೂಲೈಟ್ ಮೇಲೆ ಕಟ್ಟಿದ್ದರು, ಅದನ್ನೇ ಮಾನಕ ಅನ್ನೋದು ಹೇಗೆ ಅಂತ.

ನನ್ನ ಅಭಿಪ್ರಾಯ ಇಷ್ಟೇ: ಲಾಗಿನ್ ಗುರುತು ಸ್ಕ್ರಿಪ್ಟಿನ ಕೈಗೆ ಸಿಗದ ಎಚ್‌ಟಿಟಿಪಿ-ಓನ್ಲಿ ಕುಕ್ಕಿಯಲ್ಲಿರಲಿ. ಪಠ್ಯದ ಕರಡು ಲೋಕಲ್ ಸ್ಟೋರೇಜಿನಲ್ಲಿ, ಚಿತ್ರವಿದ್ದರೆ ಇಂಡೆಕ್ಸ್ಡ್‌ಡಿಬಿಯಲ್ಲಿ. ಆದರೆ ಇವ್ಯಾವುದೂ ತಿಜೋರಿಯಲ್ಲ, ಬಾಡಿಗೆ ಅಟ್ಟ! ಡಿಸ್ಕ್ ತುಂಬಿದರೆ ಬ್ರೌಸರ್ ಕೇಳದೇ ಖಾಲಿ ಮಾಡಬಹುದು. 2020ರಿಂದ ಸಫಾರಿಯಂತೂ, ಬ್ರೌಸರ್ ಬಳಸಿದ 7 ದಿನ ಆ ಸೈಟನ್ನು ಮುಟ್ಟದಿದ್ದರೆ, ಸ್ಕ್ರಿಪ್ಟ್ ಇಟ್ಟದ್ದನ್ನೆಲ್ಲ ಅಳಿಸುತ್ತೆ. ಜಾಹೀರಾತಿನವರು ನಮ್ಮ ಬೆನ್ನು ಹತ್ತದಿರಲಿ ಅಂತ ಮಾಡಿದ ನಿಯಮ, ಒಳ್ಳೆಯದೇ. ಆದರೆ ನಿಮ್ಮ ಅರ್ಧ ಬರೆದ ಕಥೆಯೂ ಅದರ ಜೊತೆ ಹೋಗುತ್ತೆ.

ಆದ್ದರಿಂದ ಕಸುಬಿನ ಗೆಳೆಯರಿಗೆ ಒಂದು ವಿನಂತಿ. ಸರ್ವರ್‌ಗೆ ಕಳಿಸದೇ 'ಉಳಿಸಲಾಗಿದೆ' ಅಂತ ತೋರಿಸಬೇಡಿ. 'ಈ ಬ್ರೌಸರಿನಲ್ಲಿ ಮಾತ್ರ ಉಳಿಸಲಾಗಿದೆ' ಅನ್ನಿ, ಪಕ್ಕದಲ್ಲಿ ಒಂದು ಡೌನ್‌ಲೋಡ್ ಗುಂಡಿ ಇಡಿ. ಮೂರು ಪದ ಜಾಸ್ತಿ ಆಗಬಹುದು, ಆದರೆ ಬರೆಯೋರಿಗೆ ನಿಜ ಗೊತ್ತಿರುತ್ತೆ.

ಏನಂತೀರಿ?